ಬಕೆಟ್ಟಿಗೆ ಮಟ್ಟ ತೋರಿಸಿದ ನಾಲ್ಕು ವರ್ಷ

ಮದುವೆಯಾದ ಮರುವರ್ಷ ನನ್ನ ಗಂಡ ಟ್ರ್ಯಾಕ್ಟರಿನ ಮುಂದಕ್ಕೆ ಲೋಡರ್ ಹಾಕಿಸಿದರು. ಎರಡು ಕಬ್ಬಿಣದ ತೋಳು, ಅದರ ತುದಿಗೆ ಐದಾರು ಅಡಿ ಅಗಲದ ಒಂದು ಬಕೆಟ್. ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿದ್ದು. ಮನೆಗೆ ತಂದ ದಿನ ಅತ್ತೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ನಾನು ಶಿವಮೊಗ್ಗದ ಗೋಪಾಳದಲ್ಲಿ ಬೆಳೆದವಳು. ಬಿ.ಕಾಂ. ಮುಗಿಸಿ ಭದ್ರಾವತಿ ಕಡೆಯ ಈ ಊರಿಗೆ ಸೊಸೆಯಾಗಿ ಬಂದವಳು. ಟ್ರ್ಯಾಕ್ಟರನ್ನು ಹತ್ತಿರದಿಂದ ನೋಡಿದ್ದೇ ಇಲ್ಲಿಗೆ ಬಂದ ಮೇಲೆ.

ಮೊದಲ ಕೆಲಸ ಸಿಕ್ಕಿದ್ದು ಒಂದು ಶೆಡ್ಡಿನ ನೆಲಕ್ಕೆ ಕೆಮ್ಮಣ್ಣು ಹರಡುವುದು. ಅವರು ಬೆಳಿಗ್ಗೆ ಹುರುಪಿನಿಂದ ಹೋದವರು ಮಧ್ಯಾಹ್ನಕ್ಕೇ ಮುಖ ಊದಿಸಿಕೊಂಡು ವಾಪಸ್ ಬಂದರು. ಬಕೆಟ್ಟಿನ ತುಟಿ, ಅಂದರೆ ಅದರ ಮುಂದಿನ ಅಂಚು, ಮಣ್ಣಿಗೆ ಕಚ್ಚಿ, ಆಗಷ್ಟೇ ಹೂತಿದ್ದ ನೀರಿನ ಪೈಪನ್ನು ಎತ್ತಿ ಹಾಕಿತ್ತು. ಶೆಡ್ಡಿನವರು ಬಾಯಿಗೆ ಬಂದಂತೆ ಬೈದಿದ್ದರು.

ತೊಂದರೆ ಏನೆಂದರೆ, ಸೀಟಿನಲ್ಲಿ ಕೂತವರಿಗೆ ಬಕೆಟ್ಟಿನ ಬೆನ್ನು ಮಾತ್ರ ಕಾಣುತ್ತದೆ. ಅದರ ತಳ ನೆಲಕ್ಕೆ ಸಮವಾಗಿದೆಯೋ, ಮುಂದಕ್ಕೆ ಬಗ್ಗಿದೆಯೋ, ಹಿಂದಕ್ಕೆ ವಾಲಿದೆಯೋ ತಿಳಿಯುವುದಿಲ್ಲ. ನಡುವೆ ಬಾನೆಟ್ ಅಡ್ಡ. ತುಟಿ ಎರಡು ಬೆರಳು ಕೆಳಗಾದರೆ ನೆಲ ಅಗೆಯುತ್ತದೆ, ಎರಡು ಬೆರಳು ಮೇಲಾದರೆ ಮಣ್ಣಿನ ಗುಡ್ಡೆಯ ಮೇಲೆ ಹತ್ತಿ ಕೂರುತ್ತದೆ. ವರ್ಷಗಟ್ಟಲೆ ಓಡಿಸಿದವರಿಗೆ ಅಂದಾಜು ಸಿಗುತ್ತದಂತೆ. ಅವರಿಗೆ ಅದು ಮೊದಲ ದಿನ.

ಮರುದಿನ ಊಟ ಮಾಡುತ್ತಾ ಅವರು ಹೇಳಿದರು, "ನಾಳೆ ನೀನೂ ಬಾ. ಏನೂ ಮಾಡೋದು ಬೇಡ. ಪಕ್ಕದಲ್ಲಿ ನಿಂತ್ಕೊಂಡು ಮೇಲೋ ಕೆಳಗೋ ಅಂತ ಹೇಳು, ಸಾಕು."

ನಾನು ಹೋದೆ. ಇಂಜಿನ್ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. ಕೂಗಿ ಕೂಗಿ ಗಂಟಲು ಕಟ್ಟಿದ ಮೇಲೆ ಕೈಯಲ್ಲೇ ತೋರಿಸಲು ಶುರು ಮಾಡಿದೆ. ಅಂಗೈ ನೆಲಕ್ಕೆ ಸಮ ಹಿಡಿದರೆ ಸರಿಯಿದೆ ಎಂದು. ಬೆರಳು ಕೆಳಗೆ ಬಗ್ಗಿಸಿದರೆ ಮುಂದಕ್ಕೆ ಬಗ್ಗಿಸಿ ಎಂದು. ಬೆರಳು ಮೇಲೆತ್ತಿದರೆ ಹಿಂದಕ್ಕೆ. ಅವರು ನನ್ನ ಕೈ ನೋಡಿಕೊಂಡು ಲಿವರ್ ಆಡಿಸುತ್ತಿದ್ದರು. ಸಂಜೆಯ ಹೊತ್ತಿಗೆ ಶೆಡ್ಡಿನ ನೆಲ ಸಾರಿಸಿಟ್ಟ ಹಾಗೆ ಆಯಿತು.

ಹಾಗೆ ಶುರುವಾದದ್ದು ನಾಲ್ಕು ವರ್ಷ ನಡೆಯಿತು. ಹೊಳೆಹೊನ್ನೂರಿನ ಗದ್ದೆ ಬದಿ, ಆಯನೂರಿನ ಮನೆ ಸೈಟು, ಶಿವಮೊಗ್ಗದ ಹೊರಗಿನ ಹೊಸ ಲೇಔಟುಗಳು. ತಲೆಗೆ ಅವರದ್ದೇ ಹಳೆ ಟವಲು ಕಟ್ಟಿಕೊಂಡು, ಕಾಲಿಗೆ ಕ್ಯಾನ್ವಾಸ್ ಶೂ ಹಾಕಿಕೊಂಡು ಟ್ರೇಲರಿನಲ್ಲಿ ಕೂತು ಹೋಗುತ್ತಿದ್ದೆ. ಮಧ್ಯಾಹ್ನ ಟ್ರೇಲರಿನ ನೆರಳಿನಲ್ಲಿ ಕೂತು ಇಬ್ಬರೂ ಬುತ್ತಿ ಬಿಚ್ಚುತ್ತಿದ್ದೆವು. ಆ ದಿನಗಳಲ್ಲಿ ನಾನು ಸುಖವಾಗಿದ್ದೆ ಎಂದು ಬರೆಯಲು ಈಗ ಕೈ ಬರುವುದಿಲ್ಲ, ಆದರೆ ಅದು ನಿಜ. ಮದುವೆಯಾದ ಹೆಂಗಸರಲ್ಲಿ ಗಂಡನ ಜೊತೆ ದಿನವಿಡೀ ಹೊರಗೆ, ಬಯಲಲ್ಲಿ ಇರುವುದು ಎಷ್ಟು ಮಂದಿಗೆ ಸಿಗುತ್ತದೆ?

ನನ್ನ ಕಣ್ಣು ಪಳಗಿತು. ಅರ್ಧ ಬೆರಳಿನ ವ್ಯತ್ಯಾಸ ಮಾರು ದೂರದಿಂದ ಗೊತ್ತಾಗುತ್ತಿತ್ತು. ಇನ್ನೊಂದು ವಿಷಯವನ್ನೂ ನಾನು ಕಂಡುಕೊಂಡೆ. ನೆಲದ ಮೇಲೆ ಸಮವಾಗಿರುವ ಬಕೆಟ್, ತೋಳು ಮೇಲೇರಿದ ಹಾಗೆ ತಾನಾಗಿಯೇ ಹಿಂದಕ್ಕೆ ವಾಲುತ್ತಾ ಹೋಗುತ್ತದೆ. ಲಾರಿಯ ಎತ್ತರಕ್ಕೆ ಬರುವಷ್ಟರಲ್ಲಿ ಅದರ ಬಾಯಿ ಡ್ರೈವರಿನ ಕಡೆಗೆ ವಾಲಿ ಆಕಾಶ ನೋಡುತ್ತಿರುತ್ತದೆ. ಹಾಗಾಗಿ ಅವರು ಎತ್ತುವಾಗ ನಾನು ಬೆರಳನ್ನು ಸ್ವಲ್ಪ ಸ್ವಲ್ಪವೇ ಕೆಳಗೆ ಬಗ್ಗಿಸುತ್ತಾ ಬರುತ್ತಿದ್ದೆ. ಅವರು ಒಂದು ಲಿವರಿನಲ್ಲಿ ಎತ್ತುತ್ತಾ, ಇನ್ನೊಂದರಲ್ಲಿ ಬಕೆಟ್ಟನ್ನು ಮುಂದಕ್ಕೆ ಬಗ್ಗಿಸುತ್ತಾ ಬರುತ್ತಿದ್ದರು. ಯಾಕೆ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಗೊತ್ತಿರುತ್ತದೆ ಎಂದುಕೊಂಡಿದ್ದೆ.

ಆಯನೂರಿನಲ್ಲಿ ಒಬ್ಬರ ಅಂಗಳ ಮಟ್ಟ ಮಾಡಿದಾಗ ಆ ಮನೆಯ ಯಜಮಾನರು ಗಾರೆಯವನ ರಸಮಟ್ಟ ತಂದು ನಾಲ್ಕು ಕಡೆ ಇಟ್ಟು ನೋಡಿದರು. ಗುಳ್ಳೆ ನಾಲ್ಕು ಕಡೆಯೂ ನಡುವೆ ನಿಂತಿತು. "ಏನ್ ಕೈ ಮಾರಾಯಾ ನಿಂದು!" ಎಂದು ಅವರು ನನ್ನ ಗಂಡನ ಬೆನ್ನು ತಟ್ಟಿದರು. ಇವರು ನಕ್ಕರು. ನಾನು ಎರಡು ಮಾರು ದೂರದಲ್ಲಿ ಟವಲು ಬಿಚ್ಚಿ ಮುಖ ಒರೆಸಿಕೊಳ್ಳುತ್ತಿದ್ದೆ. ನನ್ನ ಕಡೆ ಒಮ್ಮೆ ನೋಡಬಹುದು ಎಂದುಕೊಂಡೆ. ನೋಡಲಿಲ್ಲ. ಮರೆತಿರಬೇಕು ಎಂದು ನಾನೇ ಸಮಾಧಾನ ಹೇಳಿಕೊಂಡೆ.

ಮಾಚೇನಹಳ್ಳಿಯ ಟೀ ಅಂಗಡಿಯ ಹತ್ತಿರ ಲೋಡರಿನವರು, ಟಿಪ್ಪರಿನವರು ಸೇರುತ್ತಿದ್ದರು. ನಾಲ್ಕನೆಯ ವರ್ಷ ಒಂದು ಬೆಳಿಗ್ಗೆ ನಾನು ಟ್ರೇಲರಿನಲ್ಲಿ ಕೂತಿದ್ದೆ, ನನ್ನ ಗಂಡ ಟೀ ಕುಡಿಯುತ್ತಿದ್ದರು. ಅಲ್ಲಿದ್ದ ಒಬ್ಬ ಗಟ್ಟಿಯಾಗಿಯೇ ಹೇಳಿದ, "ನಿಂದೇ ಆರಾಮ ಬಿಡು ಮಾರಾಯಾ. ಹೆಂಡ್ತಿ ಕೈ ಎತ್ತು ಅಂದ್ರೆ ಎತ್ತೋದು, ಇಳ್ಸು ಅಂದ್ರೆ ಇಳ್ಸೋದು. ಮನೇಲೂ ಹಿಂಗೇನಾ?"

ಎಲ್ಲರೂ ನಕ್ಕರು. ಅವರೂ ನಕ್ಕರು. ಆದರೆ ಅರ್ಧ ಟೀ ಹಾಗೇ ಬಿಟ್ಟು ಬಂದು ಗಾಡಿ ಹತ್ತಿದರು. ಆ ದಿನ ಕೆಲಸದಲ್ಲಿ ನನ್ನ ಕೈ ಕಡೆ ನೋಡಲೇ ಇಲ್ಲ. ನೆಲ ಹಾಳಾಯಿತು. ಎರಡು ಸಲ ಮಾಡಬೇಕಾಯಿತು.

ಅಲ್ಲಿಂದ ಅವರು ನನ್ನ ಕೈಗೆ ಬದಲಿ ಹುಡುಕಲು ಹೊರಟರು. ಮೊದಲು ಬಕೆಟ್ ಬಗ್ಗಿಸುವ ಸಿಲಿಂಡರಿನ ಹೊಳೆಯುವ ರಾಡಿನ ಮೇಲೆ ಕೆಂಪು ಬಣ್ಣದ ಗೆರೆ ಎಳೆದರು. ಗೆರೆ ಕಂಡರೆ ಬಕೆಟ್ ಸಮ ಎಂದು ಲೆಕ್ಕ. ಮೂರೇ ದಿನಕ್ಕೆ ಬಣ್ಣ ಒಳಗೆ ಹೊರಗೆ ಉಜ್ಜಿ ಸಿಪ್ಪೆ ಎದ್ದು, ಸೀಲು ಕೆಟ್ಟು, ಎಣ್ಣೆ ತೊಟ್ಟಿಕ್ಕಲು ಶುರುವಾಯಿತು. ಆಮೇಲೆ ನೀರಿನ ಬಾಟಲಿ. ಅರ್ಧ ನೀರು ತುಂಬಿ ಬಕೆಟ್ಟಿನ ಪಕ್ಕಕ್ಕೆ ತಂತಿಯಲ್ಲಿ ಅಡ್ಡ ಕಟ್ಟಿದರು. ಗಾಡಿ ನಿಂತಿದ್ದಾಗ ನೀರು ಸರಿಯಾಗಿ ಗೆರೆ ಹಿಡಿಯುತ್ತಿತ್ತು, ಓಡುವಾಗ ಮಜ್ಜಿಗೆ ಕಡೆದ ಹಾಗೆ. ಕೊನೆಗೆ ರಸಮಟ್ಟವನ್ನೇ ತಂದು ಬಕೆಟ್ಟಿನ ಮೇಲಂಚಿಗೆ ಅಂಟಿಸಿದರು. ಸೀಟಿನಿಂದ ಗುಳ್ಳೆ ಕಾಣಲಿಲ್ಲ.

"ಕಂಡ್ರೂ ಪ್ರಯೋಜನ ಇಲ್ಲ ರೀ," ಎಂದೆ ನಾನು. "ಗಾಡಿ ಇಳಿಜಾರಲ್ಲಿ ನಿಂತಿದ್ರೆ ಬಕೆಟ್ಟೂ ಇಳಿಜಾರಿಗೇ ಸಮ ಇರ್ಬೇಕು. ರಸಮಟ್ಟಕ್ಕೆ ಅದು ಗೊತ್ತಾಗಲ್ಲ."

"ಎಲ್ಲಾ ನಿಂಗೇ ಗೊತ್ತು," ಎಂದರು.

ಗೌರಿಹಬ್ಬದ ಹಿಂದಿನ ವಾರ ನಾನು ಚಕ್ಕುಲಿ ಒತ್ತುತ್ತಿದ್ದೆ. ಒರಳಿನೊಳಗೆ ಹಿಟ್ಟು ಎಷ್ಟು ಉಳಿದಿದೆ ಎಂದು ಮುಚ್ಚಳ ತೆಗೆದು ಯಾರೂ ನೋಡುವುದಿಲ್ಲ. ಮೇಲೆ ಹಿಡಿಯ ಕೋಲು ಎಷ್ಟು ಹೊರಗಿದೆ ಎಂದು ನೋಡಿದರೆ ಸಾಕು. ಒತ್ತುತ್ತಾ ಒತ್ತುತ್ತಾ ನನಗೆ ಹೊಳೆಯಿತು. ಬಕೆಟ್ಟಿಗೆ ಒಂದು ಸಣ್ಣ ಕಂಬಿ ಬೆಸೆಯುವುದು. ಸಿಲಿಂಡರಿನ ಮೈಮೇಲೆ ಒಂದು ಪೈಪಿನ ತುಂಡು ಕೂರಿಸುವುದು. ಕಂಬಿ ಆ ಪೈಪಿನೊಳಗೆ ಜಾರಾಡಲಿ. ಬಕೆಟ್ಟನ್ನು ಸಿಮೆಂಟು ನೆಲದ ಮೇಲೆ ಸಮ ಕೂರಿಸಿ, ಕಂಬಿ ಪೈಪಿನ ಬಾಯಿಗೆ ಬರುವ ಜಾಗದಲ್ಲಿ ಗುರುತು ಮಾಡಿದರೆ ಆಯಿತು. ಸೀಟಿನಿಂದ ಕಾಣುತ್ತದೆ, ಸಿಲಿಂಡರಿನ ರಾಡನ್ನು ಮುಟ್ಟುವುದೇ ಬೇಡ.

ಹಿಟ್ಟಿನ ಕೈಯಲ್ಲೇ ಹೋಗಿ ಅವರಿಗೆ ಹೇಳಿದೆ. ಒರಳನ್ನೂ ತೋರಿಸಿದೆ.

"ಲೋಡರಿಗೆ ಚಕ್ಕುಲಿ ಒರಳಾ?" ಎಂದು ಅವರು ನಕ್ಕು, "ಹೋಗೇ ಮಾರಾಯ್ತಿ, ಎಣ್ಣೆ ಕಾದಿರುತ್ತೆ ನೋಡ್ಹೋಗು" ಎಂದರು.

ಹಬ್ಬ ಕಳೆದು ಹದಿನೈದು ದಿನಕ್ಕೆ ವರ್ಕ್‌ಶಾಪಿಗೆ ಹೋಗಬೇಕು ಬಾ ಎಂದು ಕರೆದರು. ಎಣ್ಣೆ ಸೋರುವುದನ್ನು ತೋರಿಸಲು ಎಂದುಕೊಂಡೆ. ಅಲ್ಲಿ ಒಬ್ಬ ಮೇಸ್ತ್ರಿ ಇದ್ದರು, ಭದ್ರಾವತಿಯವರು, ಮನೆಮಾತು ತಮಿಳು, ಬೆಸುಗೆಯಲ್ಲಿ ಅವರ ಕೈಯೇ ಕೈ. ನನ್ನ ಗಂಡ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು ವಿವರಿಸಿದರು. ಕಂಬಿ, ಪೈಪು, ಗುರುತು. ನಾನು ಬುತ್ತಿಯ ಚೀಲ ಹಿಡಿದು ನಿಂತು ನನ್ನ ಮಾತುಗಳನ್ನು ಒಂದೊಂದಾಗಿ ಕೇಳಿಸಿಕೊಂಡೆ.

ಮೇಸ್ತ್ರಿ ಕಣ್ಣರಳಿಸಿದರು. "ಸೂಪರ್ ಸಾರ್! ಯಾರು ಹೇಳಿದ್ದು ಇದು?"

"ಯಾರ್ ಹೇಳ್ತಾರೆ? ನಂದೇ ತಲೆ," ಎಂದರು ನನ್ನ ಗಂಡ.

ಆಗ ನಾನು ಬಾಯಿ ಬಿಡಬಹುದಿತ್ತು. ನಗುತ್ತಾ ಹೇಳಿದ್ದರೂ ಆಗುತ್ತಿತ್ತು. ಆದರೆ ಹತ್ತು ಜನರ ಮುಂದೆ ಗಂಡನನ್ನು ಸುಳ್ಳುಗಾರ ಮಾಡುವುದು ಹೇಗೆ ಎಂದು ನಾಲಿಗೆ ತಡೆಯಿತು. ಕಂಬಿ ಕೂರಿಸುವ ಹೊತ್ತಿಗೆ ಮಾತ್ರ ಸುಮ್ಮನಿರಲು ಆಗಲಿಲ್ಲ. ಬಕೆಟ್ಟನ್ನು ಸಿಮೆಂಟು ನೆಲದ ಮೇಲಿಟ್ಟಿದ್ದರು. ನಾನು ಒಂದು ಪತ್ರಿಕೆಯ ಹಾಳೆ ತೆಗೆದುಕೊಂಡು ಬಕೆಟ್ಟಿನ ತುಟಿಯ ಕೆಳಗೂ ಹಿಂದಿನ ಅಂಚಿನ ಕೆಳಗೂ ತೂರಿಸಿ ನೋಡಿದೆ. ಮುಂದೆ ಹಾಳೆ ಸಿಕ್ಕಿಕೊಂಡಿತು, ಹಿಂದೆ ಸಲೀಸಾಗಿ ಹೋಯಿತು. "ಮೇಸ್ತ್ರಿ, ಹಿಂದೆ ಎದ್ದಿದೆ. ಇನ್ನೊಂದು ಚೂರು ಹಿಂದಕ್ಕೆ," ಎಂದೆ. ಎರಡೂ ಕಡೆ ಹಾಳೆ ಸಿಕ್ಕಿಕೊಂಡ ಮೇಲೆ ಮೇಸ್ತ್ರಿ ಕಂಬಿಗೆ ಗರಗಸದಲ್ಲಿ ಕಚ್ಚು ಹಾಕಿ, ಹಳದಿ ಬಣ್ಣ ಹಚ್ಚಿದರು. ನನ್ನ ಮುಖವನ್ನೊಮ್ಮೆ, ನನ್ನ ಗಂಡನ ಮುಖವನ್ನೊಮ್ಮೆ ನೋಡಿದರು.

ಪರೀಕ್ಷೆಗೆಂದು ತೋಳನ್ನು ಮೇಲೆತ್ತಿದಾಗ ನಾನು ನೋಡಿದೆ. ಬಕೆಟ್ ಎಂದಿನಂತೆ ಹಿಂದಕ್ಕೆ ವಾಲುತ್ತಾ ಹೋಯಿತು. ಕಂಬಿ ಮಾತ್ರ ಹಳದಿ ಗುರುತಿನಲ್ಲೇ ಗಟ್ಟಿಯಾಗಿ ನಿಂತಿತ್ತು. ಅದು ಸಿಲಿಂಡರಿನ ಜೊತೆ ಆಡುವ ಕಂಬಿ. ತೋಳು ಮೇಲೆ ಹೋದರೆ ಅದಕ್ಕೇನು ಗೊತ್ತು? ನೆಲದ ಮೇಲೆ ಮಾತ್ರ ಅದು ಸತ್ಯ ಹೇಳುತ್ತದೆ.

ಆ ಸಂಜೆ ಅನ್ನ ಬಡಿಸುತ್ತಾ ಹೇಳಿದೆ. "ಎತ್ತುವಾಗ ಆ ಗುರುತನ್ನ ನಂಬ್ಬೇಡಿ. ಎತ್ತುತ್ತಾ ಎತ್ತುತ್ತಾ ಬಾಯಿ ಮುಂದಕ್ಕೆ ಬಗ್ಗಿಸ್ತಾ ಬರ್ಬೇಕು."

ಅವರು ತಟ್ಟೆಯಿಂದ ತಲೆ ಎತ್ತಲಿಲ್ಲ. "ಸಾರಿಗೆ ಎಷ್ಟು ಉಪ್ಪು ಹಾಕ್ಬೇಕು ಅಂತ ನಾನು ನಿಂಗೆ ಹೇಳ್ಕೊಡ್ತೀನಾ?"

ಅತ್ತೆ ಮಗ್ಗುಲಲ್ಲೇ ಇದ್ದರು. ಅವರಿಗೆ ನಗು ಬಂತು. ನಾನು ಇನ್ನೊಮ್ಮೆ ಹೇಳಬಾರದು ಎಂದು ಅಲ್ಲೇ ತೀರ್ಮಾನ ಮಾಡಿದೆ.

ಮರುದಿನ ಟವಲು ಕಟ್ಟಿಕೊಂಡು, ನೀರಿನ ಕ್ಯಾನು ತುಂಬಿಕೊಂಡು ಹೊರಗೆ ಬಂದಾಗ ಅವರು ಆಗಲೇ ಗಾಡಿ ಸ್ಟಾರ್ಟ್ ಮಾಡಿದ್ದರು. "ನೀನು ಇನ್ನು ಬರೋದು ಬೇಡ. ಮನೇಲಿ ಅಮ್ಮಂಗೂ ಕಷ್ಟ ಆಗುತ್ತೆ," ಎಂದು ಕ್ಯಾನು ಮಾತ್ರ ತೆಗೆದುಕೊಂಡು ಹೊರಟರು. ಒಳಗೆ ಬಂದರೆ ಅತ್ತೆ, "ಈಗಾದ್ರೂ ಮರ್ಯಾದೆ ಬಂತಲ್ಲ. ಊರೋರ ಬಾಯಿ ಮುಚ್ಚಿತು. ನಾಲ್ಕು ಗಂಡಸ್ರು ಇರೋ ಕಡೆ ಕೈ ಆಡಿಸ್ಕೊಂಡು ನಿಲ್ಲೋದು ಚೆನ್ನಾಗಿತ್ತಾ?" ಎಂದರು.

ಟ್ರ್ಯಾಕ್ಟರ್ ಓಡಿಸುವುದನ್ನು ಕಲಿಸಿ ಎಂದು ಆ ತಿಂಗಳಲ್ಲಿ ಒಮ್ಮೆ ಕೇಳಿದೆ. ಮನೆಯಲ್ಲಿ ಕೂತು ಕಾಲು ಜೋಮು ಹಿಡಿದಂತಾಗಿತ್ತು. "ಅದು ಹೆಂಗಸ್ರು ಕೂರೋ ಸೀಟಲ್ಲ," ಎಂದರು. ಅಲ್ಲಿಗೆ ಮುಗಿಯಿತು.

ಕಂಬಿಯ ಸುದ್ದಿ ಹರಡಿತು. ಬೇರೆ ಲೋಡರಿನವರು ನಮ್ಮ ಮನೆ ಬಾಗಿಲಿಗೆ ಬಂದು ನೋಡಿ, ಫೋಟೋ ತೆಗೆದುಕೊಂಡು ಹೋದರು. ಬಂದವರಿಗೆಲ್ಲ ನಾನೇ ಕಾಫಿ ಕೊಟ್ಟೆ. ವರ್ಕ್‌ಶಾಪಿನ ಯಜಮಾನರು ಹೊಸ ಲೋಡರುಗಳಿಗೆಲ್ಲ ಅದೇ ಕಂಬಿ ಹಾಕಲು ಶುರು ಮಾಡಿದರು. ಇವರು ಟೀ ಅಂಗಡಿಯಲ್ಲಿ ತಲೆಯೆತ್ತಿ ನಿಲ್ಲುವಂತಾಯಿತು. ಅಲ್ಲಿ ನಕ್ಕವನೇ ಈಗ "ಎಂಜಿನಿಯರ್ ಸಾಹೇಬ್ರು" ಎಂದು ಕರೆಯುತ್ತಿದ್ದನಂತೆ. ಮನೆಗೆ ಬಂದು ಅದನ್ನು ನನಗೇ ಹೇಳಿದರು, ನಾನು ಸಂತೋಷಪಡಬೇಕು ಎಂಬಂತೆ.

ಮಳೆಗಾಲಕ್ಕೆ ಮುಂಚಿನ ಒಂದು ಬೆಳಿಗ್ಗೆ. ನಾನು ದೋಸೆ ಹೊಯ್ಯುತ್ತಿದ್ದೆ, ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ತಿನ್ನುತ್ತಿದ್ದರು. "ಇವತ್ತು ಸಾಮಿಲ್ಲಲ್ಲಿ ಕೆಲ್ಸ. ಅಕೇಶಿಯಾ ದಿಮ್ಮಿ, ಲಾರಿಗೆ ಲೋಡು," ಎಂದರು. ಅವರು ಅಲ್ಲಿಯವರೆಗೆ ಮಣ್ಣು, ಜಲ್ಲಿ, ಗೊಬ್ಬರ ಬಿಟ್ಟು ಬೇರೇನೂ ಎತ್ತಿದವರಲ್ಲ. ಮಣ್ಣು ಹಿಂದಕ್ಕೆ ಉದುರಿದರೆ ಬಾನೆಟ್ ಕೊಳೆಯಾಗುತ್ತದೆ, ಅಷ್ಟೆ. ದಿಮ್ಮಿ ಉರುಳುತ್ತದೆ. ಇದೆಲ್ಲ ಒಂದೇ ಕ್ಷಣದಲ್ಲಿ ನನ್ನ ತಲೆಯಲ್ಲಿ ಓಡಿತು. ಮಾತು ನಾಲಿಗೆಯ ತುದಿಗೆ ಬಂತು. ಅದರ ಹಿಂದೆಯೇ ಸಾರಿನ ಉಪ್ಪಿನ ಮಾತೂ ಬಂತು. ನಾನು ದೋಸೆ ತಿರುವಿ ಹಾಕಿದೆ. ಅವರು ಕೈ ತೊಳೆದು ಹೊರಟುಹೋದರು.

ಹನ್ನೊಂದು ಗಂಟೆಗೆ ಫೋನ್ ಬಂತು.

ಮರ ಕೊಯ್ಯುವ ಆ ಸಾಮಿಲ್ ಭದ್ರಾವತಿಯ ಅಂಚಿನಲ್ಲಿತ್ತು. ನಾನು ಆಟೋದಲ್ಲಿ ಹೋಗಿ ಇಳಿದಾಗ ಅವರನ್ನು ಶಿವಮೊಗ್ಗದ ಆಸ್ಪತ್ರೆಗೆ ಸಾಗಿಸಿ ಆಗಿತ್ತು. ಗಾಡಿ ಅಲ್ಲೇ ನಿಂತಿತ್ತು. ತೋಳು ಮೇಲೆಯೇ ಇತ್ತು. ಒಂದು ದಿಮ್ಮಿ ಬಾನೆಟ್ಟಿನ ಮೇಲೆ, ಇನ್ನೊಂದು ಸೀಟಿಗೆ ಒರಗಿ, ಉಳಿದವು ನೆಲದ ಮೇಲೆ. ಮೂರನೆಯ ಸಲ ಎತ್ತುವಾಗ ಎಲ್ಲವೂ ಹಿಂದಕ್ಕೆ ಉರುಳಿ, ತೋಳುಗಳ ಮೇಲಿಂದ ಜಾರಿಕೊಂಡು ಬಂದವಂತೆ. ಸ್ಟೇರಿಂಗ್ ಬಗ್ಗಿತ್ತು. ನಾನು ಬೇಡವೆಂದರೂ ಕಂಬಿಯ ಕಡೆ ನೋಡಿದೆ. ಹಳದಿ ಗುರುತು ಪೈಪಿನ ಬಾಯಿಗೆ ಸರಿಯಾಗಿ, ಒಂದು ಕೂದಲೆಳೆಯೂ ಆಚೀಚೆ ಇಲ್ಲದೆ ನಿಂತಿತ್ತು.

ಎಡಭುಜ ನುಚ್ಚಾಗಿತ್ತು. ಮೂರು ಪಕ್ಕೆಲುಬು ಮುರಿದಿದ್ದವು. ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಹೇಳುವವರೆಗೆ ಆಸ್ಪತ್ರೆಯ ಮೊಗಸಾಲೆಯಲ್ಲಿ ನಾನು, ಅತ್ತೆ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದೆವು. ಅತ್ತೆ ಅತ್ತು ಅತ್ತು ಸುಸ್ತಾಗಿ ಕೊನೆಗೆ ನನ್ನ ಕಡೆ ತಿರುಗಿದರು.

"ನೀನು ಎದುರಿಗೆ ನಿಂತಿದ್ದಿದ್ರೆ ಹಿಂಗಾಗ್ತಿತ್ತಾ? ಮನೇಲಿ ಕೂತ್ಕೊಂಡು ಏನ್ ಮಾಡ್ತಿದ್ದೆ?"

ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರಬೇಕಾದರೆ ನಮ್ಮ ಕಡೆ ಪೂರ್ತಿ ನ್ಯಾಯ ಇರಬೇಕು. ನನ್ನ ಕಡೆ ಇರಲಿಲ್ಲ. ಹೇಳಿದ್ದರೆ ಅವರು ಕೇಳುತ್ತಿರಲಿಲ್ಲ ಎಂದು ನನಗೆ ಗೊತ್ತು. ಆದರೆ ನಾನು ಹೇಳದೆ ಇದ್ದದ್ದು ಅವರು ಕೇಳುವುದಿಲ್ಲ ಎಂದಲ್ಲ. ಹೇಳುವುದು ಬೇಡ ಎನಿಸಿತ್ತು. ಒಮ್ಮೆ ಗೊತ್ತಾಗಲಿ ಎನಿಸಿತ್ತು. ಗೊತ್ತಾಗುವುದು ಎಂದರೆ ಎರಡು ದಿಮ್ಮಿ ಕೆಳಗೆ ಬಿದ್ದು ನಾಲ್ಕು ಜನ ನಗುವುದು ಎಂದುಕೊಂಡಿದ್ದೆ. ಭುಜ ನುಚ್ಚಾಗುವುದು ಎಂದುಕೊಂಡಿರಲಿಲ್ಲ. ಈ ಮಾತನ್ನು ಯಾರ ಮುಂದೆಯೂ ಹೇಳಿಲ್ಲ.

ಮೂರನೆಯ ದಿನ ಅವರು ಚೆನ್ನಾಗಿ ಎಚ್ಚರವಾಗಿದ್ದರು. ನಾನು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದೆ. ಮೊದಲು ಆಡಿದ ಉದ್ದನೆಯ ಮಾತು ಇದು: "ಆ ಕಂಬಿ ಸರಿ ಇರ್ಲಿಲ್ಲ. ಲೆವೆಲ್ಲಿದೆ ಅಂತ್ಲೇ ತೋರಿಸ್ತಿತ್ತು. ನಿನ್ ಚಕ್ಕುಲಿ ಒರಳಿನ ಬುದ್ಧಿ ಕೇಳಿ ನಾನ್ ಹಾಳಾದೆ."

ಒಂಬತ್ತು ತಿಂಗಳು ಅದು ಅವರ ತಲೆಯಾಗಿತ್ತು. ಈಗ ನನ್ನ ಬುದ್ಧಿಯಾಯಿತು. ಪಕ್ಕದ ಹಾಸಿಗೆಯವರು ಕೇಳಿಸಿಕೊಳ್ಳುತ್ತಿದ್ದರು. ನಾನು ಉಳಿದ ಗಂಜಿ ಕುಡಿಸಿ, ಬಾಯಿ ಒರೆಸಿ, ಲೋಟ ತೊಳೆಯಲು ಹೋದೆ.

ಸಾಮಿಲ್ಲಿನವರು ಗಾಡಿ ತೆಗೆಯಿರಿ ಎಂದು ಎರಡು ಸಲ ಫೋನ್ ಮಾಡಿದರು. ನಾನು ವರ್ಕ್‌ಶಾಪಿನ ಮೇಸ್ತ್ರಿಗೆ ಹೇಳಿ ಕರೆಸಿಕೊಂಡೆ. ಅವರು ಬಗ್ಗಿದ ಸ್ಟೇರಿಂಗನ್ನು ಒಂದಿಷ್ಟು ನೇರ ಮಾಡಿ, ಇಂಜಿನ್ ಸ್ಟಾರ್ಟ್ ಮಾಡಿ, ನನ್ನನ್ನು ನೋಡಿದರು. "ಅಮ್ಮಾ, ಹತ್ತಿ. ಬಕೆಟ್ ನೀವೇ ಇಳ್ಸಿ. ಈ ಲಿವರ್. ಮೆಲ್ಲಗೆ."

ಅದು ನಾನು ಆ ಸೀಟಿನಲ್ಲಿ ಕೂತ ಮೊದಲ ಸಲ. ಕೂತು ಮುಂದೆ ನೋಡಿದರೆ ಏನೂ ಕಾಣಲಿಲ್ಲ. ನಿಜವಾಗಿಯೂ ಏನೂ ಇಲ್ಲ. ಬಾನೆಟ್ಟು, ಎರಡು ತೋಳು, ಒಂದು ಕಬ್ಬಿಣದ ಗೋಡೆ. ನಾಲ್ಕು ವರ್ಷ ಅವರು ಇದರ ಹಿಂದೆ ಕುರುಡರಂತೆ ಕೂತು ನನ್ನ ಒಂದು ಅಂಗೈಯನ್ನು ನಂಬಿದ್ದರು. ಅಷ್ಟು ನಂಬಬೇಕಾಗಿ ಬಂದದ್ದೇ ಅವರಿಗೆ ಅವಮಾನವಾಗಿತ್ತೇನೋ. ಒಂದು ಗಳಿಗೆ ಅವರ ಮೇಲೆ ಕನಿಕರ ಬಂತು. ಲಿವರ್ ಅದುಮಿದೆ. ಬಕೆಟ್ ನಡುಗುತ್ತಾ ಇಳಿದು ನೆಲ ಮುಟ್ಟಿತು.

ಕೆಳಗಿಳಿದ ಮೇಲೆ ಕೇಳಿದೆ. "ಮೇಸ್ತ್ರಿ, ಆ ಕಂಬಿ ಯಾರ ಯೋಚನೆ ಅಂತ ನಿಮಗೆ ಗೊತ್ತಿತ್ತಾ?"

"ಅವತ್ತೇ ಗೊತ್ತಾಯ್ತು ಅಮ್ಮಾ. ಪೇಪರ್ ಹಾಕಿ ನೋಡಿದ್ದು ನೀವು ತಾನೆ?"

"ಮತ್ತೆ ಒಂದು ಮಾತು ಹೇಳ್ಬೋದಿತ್ತಲ್ಲ?"

"ಅವರು ಗಿರಾಕಿ ಅಮ್ಮಾ," ಎಂದರು ಮೇಸ್ತ್ರಿ, ಕೈಗೆ ಅಂಟಿದ ಗ್ರೀಸನ್ನು ಹಳೆ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಾ.

ಅಲ್ಲಿಂದ ನೇರ ವರ್ಕ್‌ಶಾಪಿನ ಯಜಮಾನರ ಹತ್ತಿರ ಹೋದೆ. ಹೊಸ ಲೋಡರುಗಳ ಕಂಬಿಯ ಪಕ್ಕ "ನೆಲದ ಮೇಲೆ ಮಾತ್ರ ನಂಬಿ" ಎಂದು ನಾಲ್ಕು ಪದ ಬರೆಸಿ ಎಂದು ಕೇಳಿಕೊಂಡೆ. ಅವರು ಕುರ್ಚಿ ಕೊಟ್ಟರು, ಟೀ ತರಿಸಿದರು, ಗಂಡನ ಆರೋಗ್ಯ ವಿಚಾರಿಸಿದರು. ಆಮೇಲೆ, "ನಂಬಬೇಡಿ ಅಂತ ಬರ್ದ್ರೆ ತಗೊಳ್ಳೋರು ಹೆದರ್ತಾರೆ ಅಮ್ಮ. ಓಡ್ಸೋರಿಗೆ ಅಷ್ಟೂ ಗೊತ್ತಿರಲ್ವಾ?" ಎಂದರು. ಗೊತ್ತಿರದವರೊಬ್ಬರು ಆಸ್ಪತ್ರೆಯಲ್ಲಿ ಮಲಗಿದ್ದಾರೆ ಎಂದೆ. "ಅದು ಅವರ ಗ್ರಹಚಾರ," ಎಂದರು.

ನನ್ನ ಗಂಡ ಆಸ್ಪತ್ರೆಯಿಂದ ಮನೆಗೆ ಬಂದರು. ಎಡಗೈ ಭುಜದಿಂದ ಮೇಲೆ ಏಳುವುದಿಲ್ಲ. ಲೋಡರ್ ಮಳೆಯಲ್ಲಿ ನೆನೆಯುತ್ತಾ ಅಂಗಳದಲ್ಲಿ ನಿಂತಿತ್ತು. ಮೇಸ್ತ್ರಿ ಕಲಿಸುತ್ತಾರಂತೆ, ನಾನೇ ಓಡಿಸುತ್ತೇನೆ, ನೀವು ಎದುರಿಗೆ ನಿಂತು ತೋರಿಸಿ ಎಂದೆ. ಕೆಟ್ಟದಾಗಿ ಅಂದದ್ದಲ್ಲ. ಬಾಯಿಂದ ಹೊರಬಿದ್ದ ಮೇಲೆಯೇ ನನಗೂ ತಿಳಿದದ್ದು ನಾನು ಏನು ಹೇಳಿದೆ ಎಂದು.

ಅವರು ಎದ್ದು ಒಳಗೆ ಹೋದರು. ಮರುವಾರವೇ ಲೋಡರ್ ಮಾರಲು ಗಿರಾಕಿ ಗೊತ್ತು ಮಾಡಿದರು.

ಕೊಳ್ಳಲು ಬಂದವನು ಆಯನೂರಿನ ಕಡೆಯವನು, ಹೊಸದಾಗಿ ಈ ಕೆಲಸಕ್ಕೆ ಇಳಿದವನು. ನನ್ನ ಗಂಡ ಬಲಗೈಯಿಂದ ಒಂದೊಂದೇ ತೋರಿಸಿದರು. ಕೊನೆಗೆ ಕಂಬಿ. "ಇದು ನಾನೇ ಮಾಡ್ಸಿದ್ದು. ಈಗ ಎಲ್ಲಾ ಕಡೆ ಹಾಕ್ತಿದ್ದಾರೆ. ಈ ಹಳದಿ ಗುರುತು ಇಲ್ಲಿಗೆ ಬಂದ್ರೆ ಲೆವೆಲ್ಲು, ಕಣ್ಣು ಮುಚ್ಕೊಂಡು ಓಡ್ಸು." ಅಷ್ಟಕ್ಕೇ ನಿಲ್ಲಿಸಿದರು. ಆ ಮನುಷ್ಯ ಭಕ್ತಿಯಿಂದ ತಲೆಯಾಡಿಸುತ್ತಿದ್ದ.

ನಾನು ಕಾಫಿ ತಟ್ಟೆಯನ್ನು ಜಗಲಿಯ ಮೇಲಿಟ್ಟು ಅಂಗಳಕ್ಕೆ ಇಳಿದೆ.

"ನೋಡಿ, ನೆಲದ ಮೇಲೆ ಮಾತ್ರ ಇದು ಸರಿ. ಎತ್ತುವಾಗ ನಂಬ್ಬೇಡಿ. ಎತ್ತುತ್ತಾ ಎತ್ತುತ್ತಾ ಬಕೆಟ್ ಹಿಂದಕ್ಕೆ ವಾಲುತ್ತೆ. ಈ ಕಂಬಿ ಹಾಗೇ ನಿಂತಿರುತ್ತೆ. ದಿಮ್ಮಿ, ಕಲ್ಲು ಎತ್ತಿದ್ರೆ ನಿಮ್ಮ ಮೈಮೇಲೇ ಬರುತ್ತೆ. ಇವರ ಭುಜ ಹೋಗಿದ್ದು ಹಾಗೇ."

ಆ ಮನುಷ್ಯ ನನ್ನ ಮಾತು ಪೂರ್ತಿ ಕೇಳಿಸಿಕೊಂಡು, ನನ್ನ ಗಂಡನ ಕಡೆ ತಿರುಗಿ, "ಹೌದೇನಣ್ಣ?" ಎಂದು ಕೇಳಿದ.

ಅವರು "ಹೂಂ" ಎಂದರು.

ಲೋಡರ್ ಹೋದ ಮೇಲೆ ಅವರು ಹೇಳಿದ್ದು ಒಂದೇ ಮಾತು. "ಹೊರಗಿನವನ ಮುಂದೆ ನನ್ನ ಮಾನ ತೆಗೆದೆ." ಆಮೇಲೆ ದೀಪಾವಳಿಯವರೆಗೆ ನನ್ನ ಜೊತೆ ಮಾತಾಡಲಿಲ್ಲ. ಬೇಕಾದ್ದನ್ನು ಅತ್ತೆಯ ಮೂಲಕ ಹೇಳಿಸುತ್ತಿದ್ದರು. ನಾನು ಮಾಚೇನಹಳ್ಳಿಯ ಒಂದು ಫ್ಯಾಕ್ಟರಿಯ ಸ್ಟೋರಿನಲ್ಲಿ ಕೆಲಸ ಹುಡುಕಿಕೊಂಡೆ. ಬೇಡ ಎನ್ನಲು ಅವರು ಮಾತಾಡಬೇಕಿತ್ತು. ಮಾತಾಡಲಿಲ್ಲ, ನಾನು ಹೋದೆ.

ಕಳೆದ ಚಳಿಗಾಲದಲ್ಲಿ ಶಿವಮೊಗ್ಗದಲ್ಲಿ ಕೃಷಿ ಯಂತ್ರಗಳ ಒಂದು ಪ್ರದರ್ಶನ ನಡೆಯಿತು. ವರ್ಕ್‌ಶಾಪಿನ ಯಜಮಾನರು ಅಲ್ಲಿ ಮಳಿಗೆ ಹಾಕಿದ್ದರು. ಕಂಬಿ ಕಂಡುಹಿಡಿದವರಿಗೆ ಸನ್ಮಾನ ಎಂದು ನನ್ನ ಗಂಡನನ್ನು ಕರೆದರು. ಆ ಬೆಳಿಗ್ಗೆ ಬಿಳಿ ಅಂಗಿಯ ಎಡತೋಳು ತೊಡಿಸಿ, ಗುಂಡಿ ಹಾಕಿದ್ದು ನಾನು. ಆ ಕೈಯನ್ನು ತೋಳಿನೊಳಗೆ ತೂರಿಸುವುದು ಅವರೊಬ್ಬರಿಂದ ಆಗದ ಕೆಲಸ. ಗುಂಡಿ ಹಾಕುವಷ್ಟು ಹೊತ್ತು ಅವರು ಗೋಡೆ ನೋಡುತ್ತಿದ್ದರು. "ನೀನೂ ಬಾ," ಎಂದರು. ಯಾಕೆ ಎಂದು ಕೇಳಬೇಕೆನಿಸಿತು. ರಜೆ ಹಾಕಿ ಹೋದೆ.

ವೇದಿಕೆಯ ಮೇಲೆ ಶಾಲು ಹೊದಿಸಿ, ಹಾರ ಹಾಕಿ, ಮೈಕು ಕೊಟ್ಟರು. ಕುರ್ಚಿಗಳಲ್ಲಿ ನೂರಕ್ಕೂ ಹೆಚ್ಚು ಜನ ಇದ್ದಿರಬೇಕು, ಹೆಚ್ಚಿನವರು ರೈತರು, ಲೋಡರಿನವರು. ಅವರು ಗಂಟಲು ಸರಿಮಾಡಿಕೊಂಡು ಕಂಬಿಯ ಕಥೆ ಹೇಳಿದರು. ಯೋಚನೆ ಹೇಗೆ ಬಂತು ಎಂದರೆ, ಒಂದು ದಿನ ಸೈಕಲ್ಲಿಗೆ ಗಾಳಿ ಹಾಕುವ ಪಂಪು ನೋಡುತ್ತಾ ಹೊಳೆಯಿತಂತೆ. ನಮ್ಮ ಮನೆಯಲ್ಲಿ ಸೈಕಲ್ಲೂ ಇಲ್ಲ, ಪಂಪೂ ಇಲ್ಲ. ಮುಗಿಸುವ ಮುಂಚೆ ಜನರ ಕಡೆ ನೋಡದೆ ಮೈಕಿಗೇ ಹೇಳಿದರು. "ಒಂದು ಮಾತು. ನೆಲದ ಮೇಲೆ ಮಾತ್ರ ಇದು ಸರಿ. ಎತ್ತುವಾಗ ನಂಬ್ಬೇಡಿ. ಎತ್ತುತ್ತಾ ಎತ್ತುತ್ತಾ ಬಾಯಿ ಮುಂದಕ್ಕೆ ಬಗ್ಗಿಸ್ತಾ ಬರ್ಬೇಕು." ವರ್ಕ್‌ಶಾಪಿನ ಯಜಮಾನರ ಮುಖ ಸಣ್ಣದಾಯಿತು. ಜನ ಚಪ್ಪಾಳೆ ತಟ್ಟಿದರು. ನನ್ನ ಪಕ್ಕದ ಕುರ್ಚಿಯಲ್ಲಿದ್ದ ರೈತರೊಬ್ಬರು, "ಅನುಭವಸ್ಥರು" ಎಂದು ನನ್ನ ಕಡೆ ತಿರುಗಿ ಹೇಳಿದರು. ನಾನು ಹೌದು ಎಂದೆ.

ಆ ಮಾತು ಕೇಳಿ ಯಾರಾದರೂ ಒಬ್ಬರ ಭುಜ ಉಳಿದರೆ ಒಳ್ಳೆಯದೇ. ಹಾಗೆಂದು ನನಗೆ ಆ ದಿನ ಸಂತೋಷವಾಯಿತು ಎಂದೇನಲ್ಲ.

ವಾಪಸು ಬರುವಾಗ ಭದ್ರಾವತಿ ಬಸ್ಸು ತುಂಬಿತ್ತು. ನನಗೆ ಹೆಂಗಸರ ಸೀಟು ಸಿಕ್ಕಿತು. ಅವರು ಬಲಗೈಯಲ್ಲಿ ಸನ್ಮಾನದಲ್ಲಿ ಕೊಟ್ಟ ಹಣ್ಣಿನ ಬುಟ್ಟಿ ಹಿಡಿದು ನಿಂತಿದ್ದರು. ಎಡಗೈ ಮೇಲಿನ ಕಂಬಿ ಹಿಡಿಯಲು ಏಳುವುದಿಲ್ಲವಾದ್ದರಿಂದ ಬಸ್ಸು ತಿರುಗಿದಲ್ಲೆಲ್ಲ ಮುಗ್ಗರಿಸುತ್ತಿದ್ದರು. ಎರಡು ತಿರುವಿನವರೆಗೆ ನೋಡಿದೆ. ಮೂರನೆಯದಕ್ಕೆ ಎದ್ದು ಜಾಗ ಬಿಟ್ಟೆ. ಅವರು ಕೂತು, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡತೊಡಗಿದರು. ನಮ್ಮ ಸ್ಟಾಪು ಬಂದಾಗ ಇಳಿಯಬೇಕು ಎಂದು ಅವರ ಭುಜ ಮುಟ್ಟಿ ಹೇಳಿದೆ.